ಬಿಸಿಯ ಹದ

ನಮ್ಮ ಚನ್ನಪಟ್ಟಣದ ಗೊಂಬೆಗೆ ಮೈಬಣ್ಣ ಬರುವುದು ಕುಂಚದಿಂದಲ್ಲ, ಬಿಸಿಯಿಂದ. ಲೇತಿನಲ್ಲಿ ಗಿರ್ರನೆ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ತಾಗಿಸಿದರೆ, ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಲ್ಲಿ ತೀಡಿದರೆ ಕನ್ನಡಿಯಂಥ ಹೊಳಪು. ಕಡ್ಡಿಯನ್ನು ತೀರ ಮೆಲ್ಲಗೆ ಹಿಡಿದರೆ ಅರಗು ಹತ್ತುವುದಿಲ್ಲ, ಜಾರುತ್ತದೆ. ಅದುಮಿ ಹಿಡಿದರೆ ಬಣ್ಣ ಸೀಯುತ್ತದೆ. "ಕಣ್ಣಲ್ಲಿ ನೋಡಿದ್ರೆ ಆಗಕ್ಕಿಲ್ಲ ಕಣಪ್ಪಾ, ಸದ್ದು ಕೇಳು" ಎನ್ನುತ್ತಿದ್ದರು ನಮ್ಮಪ್ಪ. ಆ ಸದ್ದು ಕಿವಿಗೆ ಹತ್ತಲು ನನಗೆ ವರ್ಷಗಳೇ ಬೇಕಾದವು.

ಈ ಹದ ಕೈಗೆ ಬಂದ ಮೇಲೆ ಇನ್ನೊಂದು ನೋಟ ನನಗೆ ಒಲಿಯಿತು: ಅಂತರಿಕ್ಷಕ್ಕೆ ಹೋದವರು ಮರಳಿ ಬರುವುದನ್ನು ಕಾಯುತ್ತ ಕೂರುವುದು. ರಾಕೆಟ್ ಏರುವುದನ್ನು ಊರೆಲ್ಲ ನೋಡುತ್ತದೆ. ಅಲ್ಲಿ ಬೆಂಕಿಯಿದೆ, ಗುಡುಗಿದೆ. ಇಳಿಯುವಾಗ ಪರದೆಯ ಮೇಲೆ ಬಹಳ ಹೊತ್ತು ಏನೂ ಕಾಣುವುದಿಲ್ಲ. ಆದರೆ ಕಸುಬೆಲ್ಲ ಇರುವುದು ಆ ಹೊತ್ತಿನಲ್ಲೇ.

2025ರ ಜುಲೈ 15, ಮಂಗಳವಾರ. ಗಗನಯಾತ್ರಿ ಶುಭಾಂಶು ಶುಕ್ಲಾ ಮತ್ತು ಮೂವರು ಸಂಗಾತಿಗಳಿದ್ದ 'ಗ್ರೇಸ್' ಎಂಬ ಡ್ರ್ಯಾಗನ್ ನೌಕೆ ಹಿಂದಿನ ಸಂಜೆಯೇ ಬಾಹ್ಯಾಕಾಶ ನಿಲ್ದಾಣದಿಂದ ಕಳಚಿಕೊಂಡಿತ್ತು. ಮಧ್ಯಾಹ್ನದ ಊಟ ಮುಗಿಸಿ, ಫೋನನ್ನು ಅರಗಿನ ಡಬ್ಬಿಗೆ ಒರಗಿಸಿಟ್ಟುಕೊಂಡು ಕೂತೆ. ಆ ಪಯಣದ ಮೇಲೆ ನನಗೆ ಎರಡು ಕಾರಣಕ್ಕೆ ವಿಶೇಷ ಮಮತೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಅಲ್ಲಿಗೆ ಹೋಗಿದ್ದವು. ಜೊತೆಗೆ 'ಜಾಯ್' ಎಂಬ ಹಂಸದ ಮರಿಯ ಗೊಂಬೆಯೂ ಹೋಗಿತ್ತು. ಭಾರ ಕಳೆದುಹೋಯಿತು ಎಂಬುದನ್ನು ತೇಲಿ ತೋರಿಸುವುದು ಅದರ ಕೆಲಸ. ಅಷ್ಟು ದೊಡ್ಡ ವಿಜ್ಞಾನದ ನಡುವೆ ಒಂದು ಗೊಂಬೆಗೂ ಜಾಗವಿದೆ ಎಂದರೆ ಗೊಂಬೆ ಮಾಡುವವನಿಗೆ ಅದಕ್ಕಿಂತ ಸಂತೋಷ ಬೇಕೆ?

ಎರಡು ಗಂಟೆ ದಾಟಿದ ಮೇಲೆ ಎಂಜಿನ್ನುಗಳು ಹೊತ್ತಿಕೊಂಡವು. ಆಗ ನೌಕೆಯ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್. ಚನ್ನಪಟ್ಟಣದಿಂದ ಬೆಂಗಳೂರಿಗೆ ಎಂಟೇ ಸೆಕೆಂಡು ಸಾಕು. ಎಂಜಿನ್ನುಗಳು ಇಳಿಸುವುದು ಆ ವೇಗದ ಒಂದು ಚೂರನ್ನು ಮಾತ್ರ. ಮಿಕ್ಕಿದ್ದನ್ನೆಲ್ಲ ಗಾಳಿಯೇ ಇಳಿಸಬೇಕು. ಇಳಿಸಿದ ವೇಗ ಎಲ್ಲಿಗೆ ಹೋಗುತ್ತದೆ? ಬಿಸಿಯಾಗುತ್ತದೆ. ನೌಕೆಯ ಮುಂದೆ ಸಿಕ್ಕಿಬಿದ್ದ ಗಾಳಿ ಒತ್ತಿ ಒತ್ತಿ ಕಾಯುತ್ತದೆ. ಹೊರಮೈ ಬಳಿ ಶಾಖ 1,900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ.

ಇಲ್ಲಿ ಚೂಪು ಮೂಗು ಕೆಲಸಕ್ಕೆ ಬಾರದು. ಅಗಲವಾದ ಮೊಂಡು ತಳವಿದ್ದರೆ ಬಿಸಿಯ ಬಹುಪಾಲು ಮೈಗೆ ತಾಗದೆ ಮುಂದೆಯೇ ಉಳಿದು ಪಕ್ಕಕ್ಕೆ ಸರಿದುಹೋಗುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಜೂಲಿಯನ್ ಆಲೆನ್ ಇದನ್ನು ಕಂಡುಕೊಂಡರು. ತಗುಲಿದ ಅಷ್ಟಿಷ್ಟು ಶಾಖವನ್ನು ತಳದ ಕವಚ ಸುಟ್ಟು, ಸವೆದು, ತನ್ನ ಜೊತೆಗೇ ಕಳೆಯುತ್ತದೆ. ಇನ್ನು ಕೋನ. ತೀರ ಓರೆಯಾಗಿ ಬಂದರೆ ಗಾಳಿ ಹಿಡಿಯದೆ ನೌಕೆ ಜಾರಿ ದೂರ ಹೋದೀತು. ನೆಟ್ಟಗೆ ನುಗ್ಗಿದರೆ ಶಾಖವೂ ಒತ್ತಡವೂ ಮಿತಿ ಮೀರಿಯಾವು. ಇದನ್ನು ಓದಿದ ದಿನ ಪುಸ್ತಕ ಮಡಚಿಟ್ಟು ಲೇತಿನ ಕಡೆ ನೋಡಿದ್ದೆ. ಜಾರಬಾರದು, ಸೀಯಬಾರದು. ಅಪ್ಪ ಹೇಳಿಕೊಟ್ಟಿದ್ದೂ ಅದೇ.

ಸುತ್ತಲ ಗಾಳಿ ಕಾದು ಕೆಂಡವಾದಾಗ ರೇಡಿಯೋ ಮಾತು ಕೂಡ ಅದನ್ನು ದಾಟಲಾರದು. ಸುಮಾರು ಏಳು ನಿಮಿಷ ಮೌನ. ಆಗ ನಾನು ಲೇತು ನಿಲ್ಲಿಸಿಬಿಡುತ್ತೇನೆ. 2003ರ ಫೆಬ್ರವರಿ 1ರ ಸಂಜೆ ಮರೆತಿಲ್ಲ. ನೆಲ ಮುಟ್ಟಲು ಹದಿನಾರು ನಿಮಿಷವಿದ್ದಾಗ ಕೊಲಂಬಿಯಾ ನೌಕೆ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಬರಲಿಲ್ಲ. ಏರುವಾಗ ನೊರೆಯ ತುಂಡೊಂದು ಬಡಿದು ರೆಕ್ಕೆಯ ಶಾಖಕವಚ ಒಡೆದಿತ್ತು. ಆ ಬಿರುಕಿನಲ್ಲಿ ಬಿಸಿ ಒಳಹೊಕ್ಕಿತು. ಅಂದಿನಿಂದ ಈ ಮೌನದಲ್ಲಿ ಕೂತಾಗಲೆಲ್ಲ ಕೈ ತಾನಾಗಿ ಕೂಡಿಕೊಳ್ಳುತ್ತದೆ.

ಆಮೇಲೆ ಒಂದು ದನಿ. ಹಿಂದೆಯೇ ಎರಡು ಪುಟ್ಟ ಪ್ಯಾರಾಚೂಟು, ಸ್ವಲ್ಪ ಕೆಳಗೆ ಬಂದ ಮೇಲೆ ನಾಲ್ಕು ದೊಡ್ಡವು. ಅವು ಅರಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಕನಕಪುರ, ಮಾಗಡಿ ಕಡೆಯ ರೈತರು ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ಸೀಮೆ ನಮ್ಮದು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೈಸೂರು ಸೀಮೆಯ ರೇಷ್ಮೆಗೆ ಪ್ಯಾರಾಚೂಟಿನಿಂದಲೇ ಬೇಡಿಕೆ ಬಂದಿತ್ತು. ಈಗಿನವು ನೈಲಾನಿನವು. ಆದರೂ ಅವು ಗಾಳಿ ತುಂಬಿಕೊಂಡಾಗ ನಮ್ಮ ಕಡೆಯ ಬಟ್ಟೆಯೇ ಹರಡಿದಷ್ಟು ಹಿಗ್ಗು. ಮೂರು ಗಂಟೆ ಒಂದು ನಿಮಿಷಕ್ಕೆ, ಸ್ಯಾನ್ ಡಿಯಾಗೋ ಹತ್ತಿರದ ಕಡಲಲ್ಲಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಸೈಕಲ್ ವೇಗದಲ್ಲಿ ಗ್ರೇಸ್ ನೀರಿಗಿಳಿಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಯಾರ ಮನೆ ಮಕ್ಳೋ, ಸದ್ಯ ಬಂದ್ರಲ್ಲ" ಎಂದು ಒಳಗೆ ಹೋದರು. ಅದೇ ವರ್ಷದ ಮಾರ್ಚ್ 19ರ ಬೆಳಗಿನ ಜಾವ ಮೂರೂವರೆಗೆ ಸುನೀತಾ ವಿಲಿಯಮ್ಸ್ ಇಳಿದಾಗಲೂ ಅವರು ಎದ್ದು ಕೂತಿದ್ದರು, ಆಡಿದ ಮಾತೂ ಇದೇ.

ದೋಣಿಗೆ ಎತ್ತಿದ ನೌಕೆಯ ಮೈ ಬೂದುಗಂದು. ಹೋಗುವಾಗಿನ ಬಿಳುಪು ಉಳಿದಿರಲಿಲ್ಲ. ಅಂದು ಸಂಜೆ ಆಲೆಮರದಲ್ಲಿ ಅದೇ ಆಕಾರ ಕಡೆದೆ. ತಳದ ಅಂಚಿಗೆ ಮಾತ್ರ ಅರಗು ಹಾಕದೆ, ತಿರುಗುವ ಮರಕ್ಕೆ ತಂತಿ ಒತ್ತಿ ಸುಟ್ಟ ಗೆರೆ ಮೂಡಿಸಿದೆ. ಲೇತಿನಿಂದ ಬಿಡಿಸಿಕೊಂಡಾಗ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.

ಇಸ್ರೋ 2007ರಲ್ಲೇ 550 ಕಿಲೋ ತೂಕದ ಪುಟ್ಟ ಕೋಶವೊಂದನ್ನು ಹನ್ನೆರಡು ದಿನ ಭೂಮಿ ಸುತ್ತಿಸಿ ಬಂಗಾಳ ಕೊಲ್ಲಿಗೆ ಇಳಿಸಿತ್ತು. ಅದರಲ್ಲಿ ಮನುಷ್ಯರಿರಲಿಲ್ಲ. ಮುಂದೊಂದು ದಿನ ಗಗನಯಾನದಲ್ಲಿ ನಮ್ಮವರು ನಮ್ಮದೇ ನೌಕೆಯಲ್ಲಿ ಇಳಿದು ಬರುತ್ತಾರೆ. ಆ ದಿನಕ್ಕೆಂದು ಒಳ್ಳೆಯ ಆಲೆಮರದ ತುಂಡೊಂದನ್ನು ಅಟ್ಟದ ನೆರಳಿನಲ್ಲಿ ಒಣಗಲು ಇಟ್ಟಿದ್ದೇನೆ. ಹಸಿಮರ ಕಡೆದರೆ ಸೀಳುತ್ತದೆ; ಅದಕ್ಕೂ ಅವಸರವಿಲ್ಲ, ನನಗೂ ಇಲ್ಲ.