ಶುಲ್ಕ ಕಟ್ಟುವ ಮೊದಲು ನಾವು ಕೇಳಿಕೊಂಡ ಪ್ರಶ್ನೆಗಳು

ಮಗನ ಬಿ.ಎಸ್ಸಿ. ಫಲಿತಾಂಶ ಬಂದು ಮೂರು ವಾರಗಳಾಗಿದ್ದವು. ಒಂದು ಸಂಜೆ ಅವನು ಬಣ್ಣದ ಕರಪತ್ರವೊಂದನ್ನು ತಂದು ನಮ್ಮ ಮುಂದಿಟ್ಟ. ಟೈ ಕಟ್ಟಿಕೊಂಡು, ಕಪ್ಪು ಬ್ಯಾಗು ಹಿಡಿದು ನಗುತ್ತಿದ್ದ ತರುಣನ ಚಿತ್ರ ಅದರಲ್ಲಿತ್ತು. ಹತ್ತು ವಾರಗಳ ತರಬೇತಿ, 48,000 ರೂಪಾಯಿ ಶುಲ್ಕ, ಕೊನೆಯಲ್ಲಿ ಔಷಧ ಕಂಪೆನಿಯಲ್ಲಿ ವೈದ್ಯಕೀಯ ಪ್ರತಿನಿಧಿಯ ಉದ್ಯೋಗ. ಒಮ್ಮೆಲೇ ಕಟ್ಟಲಾಗದವರಿಗೆ ಕಂತಿನ ಸೌಲಭ್ಯವೂ ಇದೆಯೆಂದು ಕೆಳಗೆ ಬರೆದಿತ್ತು. "ಉಪ್ಪಾ, ಈ ತಿಂಗಳೊಳಗೆ ಸೇರಿದರೆ ಐದು ಸಾವಿರ ಕಡಿಮೆಯಂತೆ" ಎಂದ. ಅವನ ದನಿಯಲ್ಲಿ ಕೇಳಿಕೆಗಿಂತ ಹೆಚ್ಚಾಗಿ ಆತಂಕವಿತ್ತು. ಜೊತೆಗೆ ಓದಿದವರಲ್ಲಿ ಇಬ್ಬರು ಆಗಲೇ ಹಣ ಕಟ್ಟಿದ್ದರು.

ಪುತ್ತೂರಿನಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. 48,000 ರೂಪಾಯಿ ನಮ್ಮ ಕೈಯಲ್ಲಿರಲಿಲ್ಲ. ಇದ್ದದ್ದು ಮಗಳ ಪಿಯುಸಿ ಪ್ರವೇಶಕ್ಕೆಂದು ಎತ್ತಿಟ್ಟ ಮೊತ್ತ ಮತ್ತು ಮದುವೆಯ ಕಾಲದ ಎರಡು ಬಳೆಗಳು. ಕಂತಿನ ಮಾತು ನಮಗೆ ಹಿಡಿಸಲಿಲ್ಲ. ಅದು ಬಡ್ಡಿಯ ಸಾಲವೆಂದು ವಿಚಾರಿಸಿದಾಗ ಸ್ಪಷ್ಟವಾಯಿತು. ಆ ಬಾಗಿಲನ್ನು ನಾವು ಎಂದೋ ಮುಚ್ಚಿಕೊಂಡವರು. ಉಳಿದದ್ದು ಬಳೆಗಳು. ಅವನ್ನು ಮಾರುವುದೇನೂ ದೊಡ್ಡ ಮಾತಲ್ಲ. ಮಗನ ಬದುಕಿಗಾಗದ ಚಿನ್ನ ಇನ್ನಾರಿಗೆ? ಆದರೆ ಬಳೆ ಒಮ್ಮೆ ಮಾತ್ರ ಮಾರಲು ಬರುವ ವಸ್ತು. ಆದ್ದರಿಂದ ಹಣ ಹೊಂದಿಸುವ ಮೊದಲು ಆ ಹಣದಿಂದ ನಿಜಕ್ಕೂ ಏನು ದೊರೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕೆಂದು ನಾವಿಬ್ಬರೂ ನಿಶ್ಚಯಿಸಿದೆವು.

ಸತ್ಯ ಹೇಳುವುದಾದರೆ, ಈ ಉದ್ಯೋಗದ ಬಗ್ಗೆ ನಮಗಿದ್ದ ತಿಳಿವಳಿಕೆ ಬಹಳ ಅಲ್ಪ. ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಹಿಡಿದು ಕುಳಿತಾಗ, ನಮ್ಮ ಸರದಿ ಬರುವ ಹೊತ್ತಿಗೆ ಸರಿಯಾಗಿ ಒಳನುಗ್ಗುವ ಬ್ಯಾಗಿನ ಮನುಷ್ಯನೆಂದಷ್ಟೇ ಅವನು ನಮಗೆ ಪರಿಚಿತ. ಎಷ್ಟೋ ಸಲ ಅವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇವೆ. ಈಗ ನಮ್ಮ ಮಗನೇ ಆ ಬ್ಯಾಗು ಹಿಡಿಯಲು ಹೊರಟಿದ್ದ.

ಮೊದಲು ತರಬೇತಿ ಸಂಸ್ಥೆಗೆ ಹೋದೆವು. ಅವರು ನಮ್ಮನ್ನು ಮರ್ಯಾದೆಯಿಂದಲೇ ಕಂಡರು. ಮಾದರಿ ತರಗತಿಯಲ್ಲಿ ಕುಳಿತುಕೊಳ್ಳಲೂ ಬಿಟ್ಟರು. ಪಾಠ ಮಾಡಿದವರು ಔಷಧ ಮಾರಾಟದಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರು. ಸಕ್ಕರೆ ಕಾಯಿಲೆಯ ಮಾತ್ರೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ದಿನಸಿ ಅಂಗಡಿಯ ನಮಗೂ ಅರ್ಥವಾಗುವಂತೆ ವಿವರಿಸಿದರು. ಅಲ್ಲಿ ಕಲಿಸುವುದೆಲ್ಲ ಪೊಳ್ಳೆಂದು ಹೇಳಿದರೆ ಅನ್ಯಾಯವಾದೀತು. ನಮ್ಮನ್ನು ತಡೆದದ್ದು ಪಾಠವಲ್ಲ, ಕಾಗದ. ಕರಪತ್ರದಲ್ಲಿ 'ಶೇಕಡಾ ನೂರು ಉದ್ಯೋಗ' ಎಂದಿತ್ತು. ಸಹಿ ಹಾಕಬೇಕಾದ ಅರ್ಜಿಯಲ್ಲಿ ಮಾತ್ರ 'ಉದ್ಯೋಗಕ್ಕೆ ನೆರವು' ಎಂದಿತ್ತು. ಖಾತರಿಗೂ ನೆರವಿಗೂ ಇರುವ ಅಂತರವನ್ನು ವ್ಯಾಪಾರ ಮಾಡುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯೆ ಬಿಟ್ಟರೆ ಶುಲ್ಕ ಮರಳದು. ಮೂಲ ಅಂಕಪಟ್ಟಿಯನ್ನು ಅವರಲ್ಲಿ ಇಡಬೇಕು. ಹಿಂದಿನ ತಂಡದಲ್ಲಿ ಕಲಿತ ಐವರ ಫೋನ್ ನಂಬರ್ ಕೊಡಿ, ಮಾತಾಡಿ ನೋಡುತ್ತೇವೆ ಎಂದೆವು. ಕಳಿಸುತ್ತೇವೆ ಎಂದರು. ಆ ನಂಬರುಗಳು ಇಂದಿಗೂ ಬಂದಿಲ್ಲ.

ಆ ಬಳಿಕ ನಮಗೆ ದಾರಿ ತೋರಿದವರು ದೂರದ ಸಂಬಂಧಿಯೊಬ್ಬರು. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿರುವವರು. ಅವರು ಹೇಳಿದ ಮೊದಲ ಮಾತೇ ನಮ್ಮ ಅರ್ಧ ಗೊಂದಲವನ್ನು ಕಳೆಯಿತು: "ಹೊಸಬರಿಗೆ ತರಬೇತಿ ಕೊಡುವುದು ಕಂಪೆನಿಯ ಗರಜು. ತನ್ನ ಔಷಧದ ಬಗ್ಗೆ ತಪ್ಪು ಮಾತಾಡುವವನನ್ನು ಯಾವ ಕಂಪೆನಿಯೂ ಡಾಕ್ಟರ ಮುಂದೆ ನಿಲ್ಲಿಸುವುದಿಲ್ಲ. ಆಯ್ಕೆಯಾದ ಮೇಲೆ ಅವರೇ ಕರೆಸಿಕೊಂಡು ಕಲಿಸುತ್ತಾರೆ, ಪರೀಕ್ಷೆ ಮಾಡುತ್ತಾರೆ. ಊಟ ವಸತಿಯೂ ಅವರದ್ದೇ."

ದೇಹರಚನೆ, ರೋಗ, ಔಷಧದ ಗುಣ, ಸ್ಪರ್ಧಿ ಕಂಪೆನಿಗಳ ಬ್ರಾಂಡುಗಳು, ಡಾಕ್ಟರ ಮುಂದೆ ಚಿತ್ರಪುಟ ತಿರುಗಿಸುತ್ತ ಮಾತಾಡುವ ಕ್ರಮ, ಇವೆಲ್ಲವೂ ಆ ಮೊದಲ ತರಬೇತಿಯ ವಿಷಯಗಳಂತೆ. ಹಾಗಾದರೆ ಕಂಪೆನಿ ಸಂದರ್ಶನದಲ್ಲಿ ನೋಡುವುದೇನನ್ನು ಎಂದು ಕೇಳಿದೆವು. ವಿಜ್ಞಾನದ ಅಥವಾ ಫಾರ್ಮಸಿಯ ಪದವಿ ಇದ್ದರೆ ಒಳ್ಳೆಯದು, ಇತರ ಪದವೀಧರರನ್ನು ತೆಗೆದುಕೊಳ್ಳುವವರೂ ಇದ್ದಾರೆ. ಅಳುಕಿಲ್ಲದ ಮಾತು, ಕೆಲಸಕ್ಕೆ ಸಾಕಾಗುವಷ್ಟು ಇಂಗ್ಲಿಷ್, ದ್ವಿಚಕ್ರ ವಾಹನದ ಪರವಾನಗಿ, ಊರು ಬಿಟ್ಟು ಹೋಗುವ ಸಿದ್ಧತೆ ಎಂದರು. ಪ್ರಮಾಣಪತ್ರದ ಹೆಸರನ್ನು ಅವರು ಎತ್ತಲೇ ಇಲ್ಲ. ಬಹಳಷ್ಟು ಹುದ್ದೆಗಳು ಕ್ಷೇತ್ರದಲ್ಲಿರುವ ಪ್ರತಿನಿಧಿಗಳ ಮತ್ತು ಮ್ಯಾನೇಜರುಗಳ ಬಾಯಿಮಾತಿನಿಂದಲೇ ತುಂಬುತ್ತವೆ ಎಂಬುದನ್ನೂ ಅವರಿಂದ ತಿಳಿದೆವು.

ಕೊನೆಯಲ್ಲಿ ಅವರು ಮಗನತ್ತ ತಿರುಗಿ, "ಒಂದು ವಾರ ನನ್ನ ಹಿಂದೆ ಬಾ. ಡಾಕ್ಟರ ಕೋಣೆಯೊಳಗೆ ನೀನು ಬರುವಂತಿಲ್ಲ, ಹೊರಗಿನ ಬೆಂಚಿನಲ್ಲಿ ಕೂರು. ಆಮೇಲೆ ಬೇಕಾದರೆ ಹಣ ಕಟ್ಟು" ಎಂದರು.

ಮಗ ಹೋದ. ಉಪ್ಪಿನಂಗಡಿ, ಬೆಳ್ತಂಗಡಿ, ಸುಳ್ಯ ಎಂದು ಆರು ದಿನ ಸುತ್ತಿದ. ಬೆಳಿಗ್ಗೆ ಔಷಧದಂಗಡಿಗಳಲ್ಲಿ ದಾಸ್ತಾನು ವಿಚಾರಿಸುವುದು, ಸ್ಟಾಕಿಸ್ಟರಲ್ಲಿ ಬಾಕಿ ನೋಡುವುದು, ದಿನಕ್ಕೆ ಹತ್ತು ಹನ್ನೆರಡು ಡಾಕ್ಟರರ ಭೇಟಿ, ರಾತ್ರಿ ಎಲ್ಲವನ್ನೂ ಮೊಬೈಲಿನಲ್ಲಿ ವರದಿ ಮಾಡುವುದು. ತಿಂಗಳ ಕೊನೆಗೆ ಟಾರ್ಗೆಟ್. ಮೊದಲ ದಿನ ಮರಳಿ ಬಂದವನು, "ಉಮ್ಮಾ, ಎರಡು ನಿಮಿಷದ ಮಾತಿಗೆ ಎರಡು ಗಂಟೆ ಕಾದರು. ಒಳಗಿನಿಂದ 'ಇವತ್ತು ಆಗುವುದಿಲ್ಲ' ಎಂದರು. ಅವರು ನಗುತ್ತಲೇ ಎದ್ದು ಬಂದರು" ಎಂದ. ಮಳೆಯಲ್ಲಿ ಬೈಕು ಓಡಿಸುವುದನ್ನೂ, ಅವಮಾನವೆಂದು ತೋರುವುದನ್ನು ಅವಮಾನವೆಂದು ಎಣಿಸದೆ ಕಾಯುವುದನ್ನೂ ಯಾವ ತರಗತಿಯೂ ಕಲಿಸಲಾರದು. ಅದು ತನಗೆ ಸಾಧ್ಯವೇ ಎಂಬುದನ್ನು ಮಗ ಬೆಂಚಿನ ಮೇಲೆ ಕುಳಿತೇ ಅಳೆದುಕೊಂಡ. ಆ ವಾರದ ಖರ್ಚು ಊಟ, ಪೆಟ್ರೋಲು ಸೇರಿ ಸಾವಿರ ರೂಪಾಯಿಯನ್ನೂ ದಾಟಲಿಲ್ಲ.

ನಾಲ್ಕನೆಯ ರಾತ್ರಿ ಅವನು ಕೇಳಿದ ಪ್ರಶ್ನೆ ನಾವು ನಿರೀಕ್ಷಿಸದೆ ಇದ್ದದ್ದು. "ಕೆಲವು ಕಡೆ ಔಷಧ ಬರೆಸಲು ಉಡುಗೊರೆ ಕೊಡುತ್ತಾರಂತೆ. ನನಗೂ ಹೇಳಿದರೆ ಏನು ಮಾಡಲಿ?"

ಈ ಪ್ರಶ್ನೆ ಬಂದ ಮೇಲೆ ಶುಲ್ಕದ ವಿಷಯ ನಮಗೆ ಚಿಕ್ಕದಾಗಿ ತೋರಿತು. ಕಾನೂನು ಏನು ಹೇಳುತ್ತದೆ ಎಂದು ಹುಡುಕಿದೆವು. ಔಷಧ ಕಂಪೆನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಮಂಡಳಿ ವೈದ್ಯರಿಗೆ 2009ರಲ್ಲೇ ನಿರ್ಬಂಧ ವಿಧಿಸಿತ್ತು. ಅಂತಹ ಕೊಡುಗೆಗಳ ವೆಚ್ಚವನ್ನು ಕಂಪೆನಿಗಳು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲವೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಮಾರಾಟ ಕ್ರಮಗಳಿಗೆ ಏಕರೂಪ ಸಂಹಿತೆಯನ್ನು ಹೊರಡಿಸಿತು. ವೈದ್ಯರಿಗಾಗಲಿ ಅವರ ಕುಟುಂಬಕ್ಕಾಗಲಿ ಉಡುಗೊರೆ ಕೊಡಬಾರದು, ಉಚಿತ ಸ್ಯಾಂಪಲ್‌ಗಳ ಒಟ್ಟು ಮೌಲ್ಯ ಕಂಪೆನಿಯ ವಾರ್ಷಿಕ ದೇಶೀಯ ಮಾರಾಟದ ಶೇಕಡಾ 2ನ್ನು ಮೀರಬಾರದು, ಡಾಕ್ಟರರ ಭೇಟಿಗೆ ಅವಕಾಶ ಪಡೆಯಲು ಪ್ರತಿನಿಧಿ ಯಾವ ಆಮಿಷವನ್ನೂ ಒಡ್ಡಬಾರದು ಎಂದು ಅದು ಹೇಳುತ್ತದೆ. ಪ್ರತಿನಿಧಿಯ ನಡವಳಿಕೆಗೆ ಕಂಪೆನಿಯನ್ನೇ ಹೊಣೆಯಾಗಿಸುತ್ತದೆ.

ಕಾನೂನು ಇಷ್ಟು ಹೇಳಿದ ಮೇಲೂ ಟಾರ್ಗೆಟ್ಟಿನ ಒತ್ತಡ ಉಳಿಯುತ್ತದೆ. ಬಡ ರೋಗಿಗೆ ಬೇಡದ ಔಷಧವೋ ದುಬಾರಿ ಔಷಧವೋ ಬರೆಯಲ್ಪಟ್ಟರೆ ಅದರ ಬೆಲೆ ತೆರುವವನು ನಮ್ಮ ಅಂಗಡಿಗೆ ಬಂದು ಅಕ್ಕಿ ಸಾಲ ಕೇಳುವವನೇ. ಮಗನಿಗೆ ನಾವು ಹೇಳಿದ್ದು ಇಷ್ಟೇ: "ಔಷಧದ ಗುಣ ಹೇಳಿ ಮಾರುವುದು ಗೌರವದ ದುಡಿಮೆ. ಅದರಾಚೆಗೆ ಏನನ್ನಾದರೂ ಮಾಡು ಎಂದರೆ ಮಾಡಬೇಡ. ಕೆಲಸ ಹೋದರೆ ಅಂಗಡಿ ಇದೆ. ಹಲಾಲ್ ಅಲ್ಲದ ಅನ್ನ ಈ ಮನೆಗೆ ಬೇಡ." ಈ ಮಾತಿಗೂ ಶುಲ್ಕಕ್ಕೂ ಸಂಬಂಧವಿದೆ ಎಂಬುದು ಬಳಿಕ ಹೊಳೆಯಿತು. ಬಳೆ ಮಾರಿ, ಸಾಲದ ಭಾರ ಹೊತ್ತು ಕೆಲಸಕ್ಕೆ ಸೇರಿದವನಿಗೆ 'ಆಗುವುದಿಲ್ಲ' ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಆ ತರಬೇತಿಗೆ ನಾವು ಹಣ ಕಟ್ಟಲಿಲ್ಲ. ಹಾಗೆಂದು ಕಲಿಕೆಗೆ ಖರ್ಚೇ ಮಾಡಲಿಲ್ಲವೆಂದಲ್ಲ. ಮಗನ ನಿಜವಾದ ಕೊರತೆ ಇಂಗ್ಲಿಷ್ ಮಾತಿನಲ್ಲಿತ್ತು. ಅದಕ್ಕೆ ಮೂರು ತಿಂಗಳ ಸಂಜೆ ತರಗತಿಗೆ 6,000 ರೂಪಾಯಿ ಕೊಟ್ಟೆವು. ಬೈಕಿನ ಪರವಾನಗಿ ಮಾಡಿಸಿದೆವು. ಹಳೆಯ ಪುಸ್ತಕದಂಗಡಿಯಲ್ಲಿ ದೇಹರಚನೆಯ ಮತ್ತು ಔಷಧಶಾಸ್ತ್ರದ ಎರಡು ಪುಸ್ತಕ ಕೊಂಡೆವು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಂಗಳೂರಿನಲ್ಲಿ ನಾಲ್ಕು ಸಂದರ್ಶನಗಳಲ್ಲಿ ಅವನು ಆಯ್ಕೆಯಾಗಲಿಲ್ಲ. ಅಷ್ಟರಲ್ಲಿ ಹಣ ಕಟ್ಟಿದ ಗೆಳೆಯನೊಬ್ಬನಿಗೆ ಕೆಲಸ ಸಿಕ್ಕಿತು. ಆ ರಾತ್ರಿ ಮಗ ಊಟದ ಮುಂದಿನಿಂದ ಎದ್ದು, "ನಿಮಗೆ ನನಗಿಂತ 48,000 ದೊಡ್ಡದಾಯಿತು" ಎಂದುಬಿಟ್ಟ. ನಾವು ಉತ್ತರ ಕೊಡಲಿಲ್ಲ. ಬೆಳಗಿನವರೆಗೂ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಎಚ್ಚರಿಕೆಯ ಹೆಸರಿನಲ್ಲಿ ಜಿಪುಣತನ ಮಾಡಿದೆವೇ, ಮಗನ ವಯಸ್ಸಿನ ಆರು ತಿಂಗಳನ್ನು ಕಳೆದೆವೇ ಎಂಬ ಪ್ರಶ್ನೆ ಎದೆಯನ್ನು ಒತ್ತುತ್ತಿತ್ತು.

ಏಳನೆಯ ತಿಂಗಳಲ್ಲಿ, ಆ ಸಂಬಂಧಿಯೇ ತಿಳಿಸಿದ ಖಾಲಿ ಜಾಗಕ್ಕೆ ಅವನ ಆಯ್ಕೆಯಾಯಿತು. ಶಿವಮೊಗ್ಗದಲ್ಲಿ ಕೆಲಸ. ನೇಮಕಾತಿ ಪತ್ರವನ್ನು ಕೈಗೆ ಪಡೆದೇ ಹೊರಡು ಎಂದು ಹೇಳಿ ಕಳಿಸಿದೆವು. ಔಷಧ ಮಾರಾಟ ಪ್ರತಿನಿಧಿಗಳಿಗೆ ನೇಮಕಾತಿ ಪತ್ರ ಕೊಡಲೇಬೇಕೆಂದು 1976ರಲ್ಲಿ ಸಂಸತ್ತು ಕಾನೂನು ಮಾಡಿದ್ದು ಸುಮ್ಮನೆ ಅಲ್ಲ. ಮೊದಲ ಹದಿನೆಂಟು ದಿನ ಮುಂಬೈಯಲ್ಲಿ ಕಂಪೆನಿಯದೇ ತರಬೇತಿ, ಪ್ರತಿ ಸಂಜೆ ಪರೀಕ್ಷೆ. ಅಲ್ಲಿ ಹಣ ಕೊಟ್ಟು ಕಲಿತು ಬಂದವರೂ ಇದ್ದರಂತೆ. ಮೊದಲ ಮೂರು ದಿನ ಅವರು ಮುಂದಿದ್ದರು, ವಾರ ಕಳೆಯುವಷ್ಟರಲ್ಲಿ ಎಲ್ಲರೂ ಸಮಾನರಾದರು ಎಂದು ಮಗ ಹೇಳಿದ. ಅವರಲ್ಲೊಬ್ಬ ಬಿ.ಕಾಂ. ಓದಿದವನು ಮಾತ್ರ, ಆ ತರಗತಿ ಇಲ್ಲದಿದ್ದರೆ ಸಂದರ್ಶನದಲ್ಲಿ ತನಗೆ ಬಾಯಿ ಬರುತ್ತಿರಲಿಲ್ಲ ಎಂದನಂತೆ. ಆ ಮಾತನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಈಗ ಪರಿಚಯದ ತಂದೆತಾಯಿಯರು ನಮ್ಮಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರವಿಲ್ಲ. ವಿಜ್ಞಾನ ಅಥವಾ ಫಾರ್ಮಸಿ ಓದಿದ ಮಕ್ಕಳಿಗೆ ಕಂಪೆನಿ ತಾನೇ ಕಲಿಸುವುದನ್ನು ಹಣ ಕೊಟ್ಟು ಮೊದಲೇ ಕಲಿಯುವ ಅಗತ್ಯ ಕಡಿಮೆ. ವಿಜ್ಞಾನದ ಹಿನ್ನೆಲೆಯಿಲ್ಲದವರಿಗೆ, ಎದುರಿನವರ ಮುಖ ನೋಡಿ ಮಾತಾಡಲು ಅಳುಕುವವರಿಗೆ ಒಳ್ಳೆಯ ಶಿಕ್ಷಕರ ಕೈಕೆಳಗೆ ಕೆಲವು ವಾರ ಕಲಿಯುವುದು ಪ್ರಯೋಜನಕಾರಿಯಾದೀತು. ಈ ಹುದ್ದೆಗೆ ಜೀವವಿಜ್ಞಾನ ಕ್ಷೇತ್ರದ ಕೌಶಲ ಮಂಡಳಿ ನಿಗದಿಪಡಿಸಿದ ಅರ್ಹತಾ ಮಾನದಂಡವೊಂದಿದೆ. ಸಂಸ್ಥೆಯ ಪಾಠ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಬಹುದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅಭ್ಯರ್ಥಿಗಳು ಶುಲ್ಕ ಕಟ್ಟಬೇಕಾಗಿಲ್ಲ; ಹತ್ತಿರದ ಕೇಂದ್ರದಲ್ಲಿ ಯಾವ ತರಬೇತಿಗಳಿವೆ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಹಣ ಕಟ್ಟುವುದೇ ಆದರೆ ಖಾತರಿಯೋ ನೆರವೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಶುಲ್ಕ ಮರಳಿಸುವ ನಿಯಮವನ್ನು ಓದಿ. ಹಿಂದೆ ಕಲಿತವರೊಂದಿಗೆ ನೇರವಾಗಿ ಮಾತಾಡಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬೇಡಿ. ತರಬೇತಿಯ ಹೆಸರಿಲ್ಲದೆ, ಕೆಲಸ ಕೊಡಿಸಲೆಂದೇ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಎಲ್ಲಕ್ಕಿಂತ ಮೊದಲು ಮಗನನ್ನೋ ಮಗಳನ್ನೋ ಒಂದು ವಾರ ಆ ಬೆಂಚಿನಲ್ಲಿ ಕೂರಿಸಿ ನೋಡಿ.

ಬಳೆಗಳು ಕಪಾಟಿನಲ್ಲೇ ಇವೆ. ಮಗಳು ಪಿಯುಸಿ ಮುಗಿಸುತ್ತಿದ್ದಾಳೆ; ಅವಳ ಪ್ರಶ್ನೆ ಇನ್ನು ಬರಬೇಕಷ್ಟೆ. ಕಳೆದ ರಮಝಾನಿನಲ್ಲಿ ಮನೆಗೆ ಬಂದಿದ್ದ ಮಗ ಆ ರಾತ್ರಿಯ ಮಾತನ್ನು ತಾನಾಗಿ ನೆನಪಿಸಿ, "ತಪ್ಪಾಗಿತ್ತು ಉಪ್ಪಾ" ಎಂದ. ತಪ್ಪು ಅವನೊಬ್ಬನದಾಗಿರಲಿಲ್ಲ. ಏಕೆ ಬೇಡವೆನ್ನುತ್ತಿದ್ದೇವೆ ಎಂಬುದನ್ನು ನಾವೂ ಅವನಿಗೆ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ. ಈಗ ಡಾಕ್ಟರ ಕ್ಲಿನಿಕ್ಕಿನಲ್ಲಿ ಬ್ಯಾಗು ಹಿಡಿದ ಹುಡುಗ ಗೋಡೆಗೊರಗಿ ನಿಂತದ್ದು ಕಂಡರೆ, ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಅವನಿಗೂ ಜಾಗ ಮಾಡಿಕೊಡುತ್ತೇವೆ.