ಆಯಿಲ್ ಹೆಚ್ಚಾದ ಕಾರು

ಗುಂಡ್ಲುಪೇಟೆಯ ನಮ್ಮ ಮನೆಯಿಂದ ಮಾರುಕಟ್ಟೆಗೆ ಒಂದೂವರೆ ಕಿಲೋಮೀಟರು, ತೋಟಕ್ಕೆ ಮೂರು. ನಿವೃತ್ತನಾದ ಮೇಲೆ ನನ್ನ ಪ್ರಪಂಚದಂತೆಯೇ ನನ್ನ ಡೀಸೆಲ್ ಕಾರಿನ ಪ್ರಪಂಚವೂ ಇಷ್ಟಕ್ಕೇ ಸೀಮಿತವಾಗಿತ್ತು.

ಕಳೆದ ಮಾಗಿಯ ಒಂದು ಬೆಳಿಗ್ಗೆ ಸ್ಟಿಯರಿಂಗಿನ ಹಿಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಎಂಜಿನ್ನಿಗೆ ಕಸುವೇ ಇಲ್ಲ. ಪರಿಚಿತ ಗ್ಯಾರೇಜೊಂದರಲ್ಲಿ ತೋರಿಸಿದೆ. "ಹೊಗೆ ಕೊಳವೆಯ ಫಿಲ್ಟರ್ ಕಟ್ಟಿಕೊಂಡಿದೆ. ಅದನ್ನು ಕಿತ್ತು ಬರೀ ಪೈಪು ಕೂರಿಸೋಣ, ಕಾರಿನ ಕಂಪ್ಯೂಟರಿಗೆ ಗೊತ್ತಾಗದ ಹಾಗೆ ಮಾಡಬಹುದು" ಎಂದರು. ಹೊಸ ಫಿಲ್ಟರಿನ ಬೆಲೆ ನನ್ನ ತಿಂಗಳ ಪಿಂಚಣಿಯನ್ನು ಮೀರುತ್ತಿತ್ತು. ಸುಳ್ಳೇಕೆ ಹೇಳಲಿ, ಒಪ್ಪಿಬಿಡುವುದರಲ್ಲಿದ್ದೆ.

ನನ್ನಾಕೆಗೆ ಉಬ್ಬಸದ ತೊಂದರೆ. "ಅಲ್ಲಾಂದ್ರೆ, ಫಿಲ್ಟರ್ ತೆಗೆದರೆ ಆ ಮಸಿ ಎಲ್ಲಿಗೆ ಹೋಗುತ್ತೆ?" ಎಂದಳು. ಹೆದ್ದಾರಿ ಪಕ್ಕದ ಶಾಲೆಯಲ್ಲಿ ಲಾರಿಗಳ ಹೊಗೆಗೆ ಬೈದುಕೊಂಡು ಕಿಟಕಿ ಮುಚ್ಚಿಸುತ್ತಿದ್ದವನು ನಾನು. ಉತ್ತರ ಹೊಳೆಯಲಿಲ್ಲ.

ಮಾರನೆಯ ದಿನ ತೆರಕಣಾಂಬಿಯ ಮಾರ್ಗವಾಗಿ ಕಾರನ್ನು ತೆವಳಿಸಿಕೊಂಡು ಚಾಮರಾಜನಗರಕ್ಕೆ, ನನ್ನ ಹಳೆಯ ಶಿಷ್ಯನೊಬ್ಬನ ಗ್ಯಾರೇಜಿಗೆ ಹೋದೆ. ಅವನು ಮೊದಲು ಯಾವ ಯಂತ್ರವನ್ನೂ ಜೋಡಿಸಲಿಲ್ಲ. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಮೂಸಿದ. ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು.

"ಹೆಚ್ಚೇ ಇದೆಯಲ್ಲಯ್ಯಾ, ಒಳ್ಳೆಯದಾಯಿತು" ಎಂದೆ.

"ಅದೇ ಸಾರ್ ತೊಂದರೆ. ಡೀಸೆಲ್ ವಾಸನೆ ಬರ್ತಿದೆ ನೋಡಿ."

2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ಡೀಸೆಲ್ ಕಾರುಗಳಲ್ಲಿ ಈ ಫಿಲ್ಟರ್ ಸಾಮಾನ್ಯವಾಯಿತು. ಜೇನುಗೂಡಿನಂಥ ಅದರ ಗೋಡೆಗಳಲ್ಲಿ ಮಸಿ ನಿಲ್ಲುತ್ತದೆ. ತುಂಬುತ್ತ ಬಂದಾಗ ಕಾರು ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿ ಶಾಖದಲ್ಲಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಹತ್ತಿಪ್ಪತ್ತು ನಿಮಿಷಗಳ ಬಿಡುವಿಲ್ಲದ ಓಟ ಬೇಕು. ನಾನೋ, ಐದೇ ನಿಮಿಷಕ್ಕೆ ಕೀಲಿ ತಿರುಗಿಸಿ ಇಳಿಯುತ್ತಿದ್ದೆ. ಹೀಗೆ ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಂತು, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್ಲಿಗೆ ಸೇರುತ್ತಿತ್ತು.

"ಫಿಲ್ಟರ್ ತೆಗೆಸಿದ್ದರೆ?"

"ದೀಪ ಆರ್ತಿತ್ತು ಸಾರ್. ನೀವು ನೆಮ್ಮದಿಯಾಗಿ ಈ ತೆಳ್ಳಗಿನ ಆಯಿಲ್ಲಲ್ಲೇ ಓಡಿಸ್ತಿದ್ರಿ. ಬೇರಿಂಗು ಹೋಗ್ತಿತ್ತು."

ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯುವ ಎರಡು ಸಣ್ಣ ಕೊಳವೆಗಳಿವೆ. ಅವು ಸೀಳಿದ್ದರೂ ಲೆಕ್ಕ ತಪ್ಪುವುದರಿಂದ ಬೆರಳಾಡಿಸಿ ನೋಡಿದ. ಸರಿಯಾಗಿದ್ದವು. ಆಮೇಲೆ ಕಂಪ್ಯೂಟರ್ ಜೋಡಿಸಿದರೆ ಒತ್ತಡ ವಿಪರೀತ. ಮೊದಲು ಆಯಿಲ್ ಬದಲಿಸಿ, ಕಾರನ್ನು ಒಣಹುಲ್ಲಿಲ್ಲದ ಬಯಲಿನಲ್ಲಿ ನಿಲ್ಲಿಸಿ, ಕಂಪ್ಯೂಟರಿನಿಂದಲೇ ಆಜ್ಞೆಯಿತ್ತು ಮಸಿಯನ್ನು ಸುಡಿಸಿದ. ಒತ್ತಡ ಇಳಿಯುವವರೆಗೂ ನಾನು ಪರೀಕ್ಷಾ ಫಲಿತಾಂಶಕ್ಕೆ ಕಾದ ಹುಡುಗನಂತೆ ಬೆಂಚಿನ ಮೇಲೆ ಕುಳಿತಿದ್ದೆ. "ಮಸಿಯೇ ಸಾರ್. ಬೂದಿ ತುಂಬಿದ್ದರೆ ಎಷ್ಟು ಸುಟ್ಟರೂ ಇಳೀತಿರಲಿಲ್ಲ" ಎಂದ.

ವಾರಕ್ಕೊಮ್ಮೆ ದೂರ ಓಡಿಸಬೇಕೆಂದು ಅಪ್ಪಣೆಯಾಗಿದೆ. ಬಂಡೀಪುರದ ಕಡೆ ಹೋದರೆ ಹಂಪುಗಳಿಂದಾಗಿ ವೇಗ ಸಿಗದು, ಕಾಡಿನಲ್ಲಿ ಸಿಗಲೂ ಬಾರದು. ಆದ್ದರಿಂದ ಭಾನುವಾರ ಬೇಗೂರಿನ ಮೇಲೆ ನಂಜನಗೂಡಿಗೆ ಹೋಗಿ ಬರುತ್ತೇವೆ. ಸೋಮವಾರ ಬೆಳಿಗ್ಗೆ ಕಡ್ಡಿ ಎಳೆದು ನೋಡಲು ನನ್ನಾಕೆಯೇ ನೆನಪಿಸುತ್ತಾಳೆ.