ಪೊರಕೆಗೆ ಸಿಗಬಾರದ ಧೂಳು

'ಬ್ರೇಕ್ ಪ್ಯಾಡ್ ಸವೆದಿದೆ' ಎನ್ನುವುದು ಕಾರಿರುವ ಮನೆಗಳಲ್ಲೆಲ್ಲ ಕೇಳಿಬರುವ ಮಾತು. ಆದರೆ ಹಳೆಯ ಮಾರುತಿ 800ರ ಹಿಂದಿನ ಚಕ್ರ ಬಿಚ್ಚಿ ನೋಡಿ, ಅಲ್ಲಿ ಪ್ಯಾಡೇ ಇರುವುದಿಲ್ಲ! ಕವುಚಿ ಹಾಕಿದ ಬೋಗುಣಿಯಂಥ ಕಬ್ಬಿಣದ ಡ್ರಮ್ಮು, ಅದರೊಳಗೆ ಕುಡುಗೋಲಿನಂತೆ ಬಾಗಿ ಎದುರುಬದುರು ಕೂತ ಎರಡು ಬ್ರೇಕ್ ಶೂ. ಪೆಡಲ್ ಒತ್ತಿದಾಗ ಇವು ಅಗಲಗೊಂಡು ಡ್ರಮ್ಮಿನ ಒಳಮೈಯನ್ನು ಉಜ್ಜಿ ಹಿಡಿಯುತ್ತವೆ. ಹ್ಯಾಂಡ್ ಬ್ರೇಕ್ ಎಳೆದಾಗ ಗಾಡಿಯನ್ನು ನಿಲ್ಲಿಸಿಕೊಳ್ಳುವುದೂ ಇವೇ.

1983ರಲ್ಲಿ ಬಂದ ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಹಿರೇನಲ್ಲೂರಿನ ನಮ್ಮ ಮನೆಯದು ಮಾತ್ರ ಇನ್ನೂ ತೆಂಗಿನಕಾಯಿ ಮೂಟೆ ಹೊರುತ್ತಿದೆ. ನಮ್ಮ ಬಯಲಿನ ರಸ್ತೆಗಳಲ್ಲಿ ಬ್ರೇಕಿನ ಸವೆತ ಅಷ್ಟಾಗಿ ತಿಳಿಯದು. ಮಕ್ಕಳನ್ನು ಕೂರಿಸಿಕೊಂಡು ಬಾಬಾಬುಡನ್‌ಗಿರಿಯ ತಿರುವುಗಳನ್ನು ಇಳಿಯುವಾಗ ತಿಳಿಯುತ್ತದೆ. ರಜೆಗೆ ಅಲ್ಲಿಗೆ ಹೊರಡುವುದಿತ್ತು. ಅದಕ್ಕೇ ಮೈದುನ ಅಂಗಳದಲ್ಲೇ ಶೂ ಬದಲಿಸಲು ಕೂತ. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿ ಪಳಗಿದ ಕೈ ಅವನದು.

ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಹ್ಯಾಂಡ್ ಬ್ರೇಕ್ ಬಿಟ್ಟ; ಅದು ಹಿಡಿದಿದ್ದರೆ ಡ್ರಮ್ಮು ಈಚೆ ಬರುವುದಿಲ್ಲ. ಜಾಕ್ ಎತ್ತುವುದಕ್ಕಷ್ಟೇ, ಆಮೇಲೆ ಭಾರ ಹೊರುವುದು ಗಟ್ಟಿಯಾದ ಸ್ಟ್ಯಾಂಡ್.

"ಅತ್ತಿಗೆ, ಈ ಬದೀದು ಜೋಡಿಸೋವರೆಗೂ ಆ ಬದಿ ಶೂ ಮುಟ್ಟಲ್ಲ. ಸ್ಪ್ರಿಂಗ್ ಎಲ್ಲಿ ಸಿಗಿಸೋದು ಅಂತ ನೋಡ್ಕೋಬೇಕಲ್ಲ" ಎಂದ. ಹೊಸ ರವಿಕೆ ಹೊಲಿಯುವಾಗ ಅಳತೆ ರವಿಕೆ ಪಕ್ಕದಲ್ಲಿಟ್ಟುಕೊಂಡಂತೆ!

ಡ್ರಮ್ಮು ಕಳಚಿದಾಗ ಒಳಗೆ ಕಪ್ಪು ಪುಡಿ. ಉಫ್ ಎಂದು ಊದಲು ಬಗ್ಗಿದವನನ್ನು ತಡೆದೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸುತ್ತಿದ್ದರು. ಇದೆಯೋ ಇಲ್ಲವೋ ಕಣ್ಣಿಗೆ ಕಾಣದು. ಊದುವವರು ಗಂಡಸರು, ಬಿದ್ದದ್ದನ್ನು ಗುಡಿಸುವವರು, ಆ ಅಂಗಿ ಕೊಡವಿ ಒಗೆಯುವವರು ನಾವು. 1965ರಲ್ಲಿ ಲಂಡನ್ನಿನಲ್ಲಿ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಮ್ಸನ್ ಎಂಬ ಇಬ್ಬರು ಮಹಿಳೆಯರು ಶ್ವಾಸಕೋಶದ ಹೊರಪೊರೆಯಂಥ ಕಡೆ ಬರುವ ಒಂದು ಕ್ಯಾನ್ಸರಿನ ರೋಗಿಗಳ ಪೂರ್ವಾಪರ ಕೆದಕಿದರು. ಅವರಲ್ಲಿ ಕೆಲವರು ಕಾರ್ಖಾನೆಯ ಬಾಗಿಲನ್ನೂ ತುಳಿದವರಲ್ಲ, ಕಲ್ನಾರು ಕೆಲಸಗಾರರ ಬಟ್ಟೆ ಒಗೆದ ಮನೆಯ ಹೆಂಗಸರು. ಒಂದು ದಿನದ ಬ್ರೇಕ್ ಕೆಲಸಕ್ಕೂ ವರ್ಷಗಟ್ಟಲೆ ಒಗೆದದ್ದಕ್ಕೂ ಹೋಲಿಕೆಯಿಲ್ಲ, ನಿಜ. ಆದರೂ ತಪ್ಪಿಸಬಹುದಾದದ್ದನ್ನು ಏಕೆ ಉಸಿರಾಡಬೇಕು?

ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆದೆವು. ನಮ್ಮತ್ತೆ ಆಗಲೇ ಪೊರಕೆ ಹಿಡಿದು ಬಂದಿದ್ದರು! ಅವರನ್ನು ಒಳಗೆ ಕಳಿಸುವುದು ಡ್ರಮ್ಮು ಕೀಳುವುದಕ್ಕಿಂತ ಕಷ್ಟವಾಯಿತು. ಅಂದ ಹಾಗೆ, ಹೊಸ ಶೂ ಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದೇ ಬೇಕೆಂದು ಕೇಳಿ ತನ್ನಿ. ಒಳಗೆ ಬ್ರೇಕ್ ಆಯಿಲ್ ಒಸರಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸುವುದು ಲೇಸು.

ಎರಡೂ ಬದಿ ಮುಗಿದ ಮೇಲೆ ಮೈದುನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿದ. ಕೇರಿಯಲ್ಲಿ ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ನೋಡಿದ. ಆಮೇಲೆ ಅಂಗಿ ಬಿಚ್ಚಿ, ಕೊಡವದೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ ತಾನೇ ಒಗೆದುಕೊಂಡ.